ಮೊದಲ ಭಾನುವಾರದ ಚಹಾ

ನಮ್ಮ ಕ್ರೈಸ್ತ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಯೇಸುವಿನ ಕಡೆಯ ಊಟದ ನೆನಪಿನ ಆಚರಣೆ. ರೊಟ್ಟಿಯ ತಟ್ಟೆ, ದ್ರಾಕ್ಷಾರಸದ ಬಟ್ಟಲು ಮೇಜಿನ ಮೇಲೆ ಬರುವ ಹೊತ್ತಿಗೆ ಸರಿಯಾಗಿ ಬದಲಾಪುರದ ಅಮ್ಮ ಎದ್ದು ಹೊರಗೆ ಹೋಗುತ್ತಿದ್ದರು. ಡೊಂಬಿವಲಿಯ ಒಂದು ಶಾಲೆಯ ತರಗತಿಯನ್ನು ಭಾನುವಾರ ಮಧ್ಯಾಹ್ನಕ್ಕೆ ಬಾಡಿಗೆಗೆ ಹಿಡಿದಿದ್ದೆವು. ಪಕ್ಕದ ವಾಚ್‌ಮನ್ ಕೋಣೆಯಲ್ಲಿ ಒಂದು ಗ್ಯಾಸ್ ಒಲೆ ಇತ್ತು. ಆರಾಧನೆ ಮುಗಿದ ಮೇಲೆ ಎಲ್ಲರೂ ಕುಡಿಯುವ ಚಹಾವನ್ನು ಅಮ್ಮ ಅಲ್ಲಿ ಕುದಿಸುತ್ತಿದ್ದರು. ಎಂಥ ಸೇವಾಭಾವ ಎಂದು ಸಭೆಯವರು ಹೊಗಳುತ್ತಿದ್ದರು. ಚಹಾ ಕುದಿಯುವುದಕ್ಕೆ ಹತ್ತು ನಿಮಿಷ ಸಾಕು, ಭೋಜನ ಮುಗಿಯುವುದಕ್ಕೆ ಅರ್ಧ ಗಂಟೆ ಬೇಕು ಎಂಬುದು ಯಾರ ತಲೆಗೂ ಬಂದಿರಲಿಲ್ಲ. ನನ್ನ ತಲೆಗೆ ಬಂತು. ಅಂಥದ್ದನ್ನು ಗಮನಿಸುವುದೇ ನನ್ನ ಕೆಲಸವಾಗಿತ್ತು.

ನಾನು ಆ ಸಭೆಯ ಸೇವಕಿ. ಕಲ್ಯಾಣ, ಡೊಂಬಿವಲಿ, ಬದಲಾಪುರ, ಥಾಣೆ, ನವಿ ಮುಂಬಯಿ ಎಂದು ಚದುರಿಹೋದ ಕನ್ನಡ ಕ್ರೈಸ್ತ ಮನೆಗಳಿಗೆ ವಾರದಲ್ಲಿ ಐದು ದಿನ ಹೋಗಿ ಹೆಂಗಸರೊಂದಿಗೆ ಕೂತು ಓದಿ, ಪ್ರಾರ್ಥಿಸಿ ಬರಬೇಕು. ಚೀಲದಲ್ಲಿ ವೇದಪುಸ್ತಕ, ಹಾಡಿನ ಪುಸ್ತಕ, ನೋವಿನ ಮುಲಾಮು, ಒಂದು ಪೊಟ್ಟಣ ಬಿಸ್ಕತ್ತು, ಭೇಟಿಯ ವಹಿ. ಈ ಕೆಲಸಕ್ಕೂ ಒಂದು ಕ್ರಮವಿದೆ. ಬೆಳಗಿನ ಗರ್ದಿ ಇಳಿದ ಮೇಲೆ, ಹನ್ನೊಂದರ ನಂತರ ಹೋಗಬೇಕು. ಬಾಗಿಲಲ್ಲಿ ಮೊದಲು ಮೊಣಕಾಲು ನೋವು ಕೇಳಬೇಕು, ದೇವರ ವಿಷಯ ಆಮೇಲೆ. ಒಲೆಯ ಮೇಲೆ ಕುಕ್ಕರ್ ಇದ್ದರೆ ಪ್ರಾರ್ಥನೆ ಮೂರು ಸೀಟಿಯೊಳಗೆ ಮುಗಿಯಬೇಕು. ಅಳುವವರನ್ನು ತಡೆಯಬಾರದು. ಹೊರಬಂದ ಮೇಲೆ, ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ವಹಿ ತುಂಬಬೇಕು. ತಾರೀಖು, ಮನೆ, ಓದಿದ ಭಾಗ, ಪ್ರಾರ್ಥನಾ ವಿಷಯ ಎಂದು ಅದರಲ್ಲಿ ನಾಲ್ಕು ಕಾಲಂ. ತಿಂಗಳ ಕೊನೆಗೆ ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಅದನ್ನು ಓದಿ ಸಹಿ ಹಾಕುತ್ತಿದ್ದರು.

ಸಂಜೆ ಕಲ್ಯಾಣ ಪೂರ್ವದ ನನ್ನ ಕೋಣೆಗೆ ಬಂದರೆ ಮಾತಾಡಲು ಗೋಡೆ ಮಾತ್ರ. ಗಂಡ ತೀರಿಕೊಂಡು ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ದಿನವಿಡೀ ಐದು ಮನೆಯ ದುಃಖ ಕೇಳಿಸಿಕೊಂಡು ಬಂದು ಒಬ್ಬಳೇ ಅನ್ನ ಮಾಡಿಕೊಳ್ಳುವುದಕ್ಕೆ ಬೇಸರವಾಗಿ ಬಹಳ ದಿನ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲೇ ಊಟ ಮಾಡುತ್ತಿದ್ದೆ. ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಮಾಲಿಕರು ನಗಿಸುವ ಮನುಷ್ಯ. "ಏನಮ್ಮ, ಇವತ್ತು ಎಷ್ಟು ಜನರ ಪಾಪ ತೊಳೆದಿರಿ?" ಎಂದು ದಿನಾ ಒಂದೇ ಚೇಷ್ಟೆ. "ನಾಕ್ ಮಂದೀದರೀ, ಒಬ್ರದು ಬಾಕಿ ಐತಿ" ಎಂದು ನಾನೂ ಹೇಳುತ್ತಿದ್ದೆ. ಹಲವು ದಿನ ಅದೊಂದೇ ನಾನು ನನಗಾಗಿ ಆಡಿದ ಮಾತಾಗಿರುತ್ತಿತ್ತು.

ಬದಲಾಪುರದ ಅಮ್ಮನಿಗೆ ಎಪ್ಪತ್ತರ ಹತ್ತಿರ. ಉಡುಪಿ ಕಡೆಯವರು, ಮನೆಯಲ್ಲಿ ತುಳು. ಡೊಂಬಿವಲಿಯ ಔಷಧಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡಿ ನಿವೃತ್ತರಾಗಿ, ಮಗ ಸೊಸೆಯ ಜೊತೆ ಬದಲಾಪುರಕ್ಕೆ ಬಂದಿದ್ದರು. ನಾನು ಅವರ ಮನೆಗೆ ಏಳೆಂಟು ತಿಂಗಳು ಹೋದೆ. ಚಹಾದ ವಿಷಯ ಕೇಳಲಿಲ್ಲ. ಕೇಳಿದರೆ ಮುಚ್ಚಿಕೊಳ್ಳುತ್ತಾರೆ, ಕಾದರೆ ಹೇಳುತ್ತಾರೆ ಎಂಬುದು ಈ ಕೆಲಸದ ಪಾಠ. ಒಂದು ದಿನ ಪಾಪ, ಪಶ್ಚಾತ್ತಾಪ, ರಕ್ಷಣೆಯ ಭಾಗ ಓದಿ, ಮನಸ್ಸು ಮುರಿದು ಒಪ್ಪಿಕೊಂಡವರನ್ನು ದೇವರು ತಳ್ಳುವುದಿಲ್ಲ, ರಕ್ಷಣೆ ದುಡಿದು ಪಡೆಯುವ ಕೂಲಿಯಲ್ಲ, ಕೈಚಾಚಿದವರಿಗೆ ಪುಕ್ಕಟೆ ಎಂದು ವಿವರಿಸಿದೆ. ನೂರು ಮನೆಯಲ್ಲಿ ಹೇಳಿದ ಮಾತು. ಅಮ್ಮ ಮೆಂತ್ಯಸೊಪ್ಪು ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು.

"ನೀನು ಹೇಳ್ತಿ ದೇವರು ಕ್ಷಮಿಸ್ತಾರೆ ಅಂತ. ಕ್ಷಮಿಸಲಿ ಮಾರಾಯ್ತಿ, ಅವರಿಗೆಂತ, ದೊಡ್ಡವರು. ಆದ್ರೆ ನಾನು ತಪ್ಪು ಮಾಡಿದ್ದು ನನ್ನ ತಂಗಿಗಲ್ವಾ? ಅವಳಿಗೆ ಗೊತ್ತೇ ಇಲ್ಲ. ಅವಳಿಗೆ ಗೊತ್ತಿಲ್ಲದೆ ನಾನು ಹೋಗಿ ಆ ರೊಟ್ಟಿ ತಿಂದ್ರೆ ಗಂಟಲಲ್ಲಿ ಇಳೀತದಾ?"

ತಂಗಿಯನ್ನು ನಾನು ಬಲ್ಲೆ. ನವಿ ಮುಂಬಯಿಯ ಘಣಸೋಲಿಯಲ್ಲಿ, ಹಳೆಯ ಊರಿನ ಭಾಗದಲ್ಲಿ ಒಬ್ಬರೇ ಇದ್ದು ಬಾಲವಾಡಿ ನಡೆಸುತ್ತಿದ್ದ ಟೀಚರ್. ಅವರೂ ನಮ್ಮ ಸಭೆಯವರೇ. ಮದುವೆಯಾಗಿರಲಿಲ್ಲ. ಅಮ್ಮ ಹೇಳಿದ್ದು ಇಷ್ಟು: ಮೂವತ್ತು ವರ್ಷದ ಹಿಂದೆ ಕಾರ್ಖಾನೆಯ ಪಾಳಿಗೆ ಹೋಗುವಾಗ ಇಬ್ಬರು ಸಣ್ಣ ಮಕ್ಕಳನ್ನು ನೋಡಿಕೊಳ್ಳಲು ಊರಿನಿಂದ ತಂಗಿಯನ್ನು ಕರೆಸಿಕೊಂಡರು. ಎರಡು ವರ್ಷಕ್ಕೆ ತಂಗಿಗೆ ಕಾರ್ಕಳ ಕಡೆಯ ಒಳ್ಳೆಯ ಸಂಬಂಧ ಬಂತು. ಅವಳು ಹೋದರೆ ಮಕ್ಕಳಿಗೆ ಯಾರು, ನೌಕರಿಯ ಗತಿಯೇನು ಎಂದು ಅಮ್ಮನಿಗೆ ದಿಗಿಲಾಯಿತು. ಹುಡುಗನ ಕಡೆಯವರಿಗೆ ಒಬ್ಬರ ಬಾಯಲ್ಲಿ ಗುಟ್ಟಾಗಿ ಹೇಳಿಸಿದರು, ಹುಡುಗಿಗೆ ಆಗಾಗ ಫಿಟ್ಸ್ ಬರುತ್ತದೆ ಎಂದು. ಅವರು ಕಾರಣ ಹೇಳದೆ ಹಿಂದೆ ಸರಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಹಾಗೆ ಆ ಮಾತು ಊರೆಲ್ಲ ಸುತ್ತಿತು. ಮತ್ತೊಂದು ಸಂಬಂಧ ಬರಲೇ ಇಲ್ಲ. ತಂಗಿ ಅಕ್ಕನ ಮಕ್ಕಳನ್ನು ಸಾಕಿ ದೊಡ್ಡವರನ್ನಾಗಿ ಮಾಡಿದರು.

"ಹಂಗಾದ್ರ ಅವ್ರಿಗೆ ಹೇಳಿಬಿಡ್ರೀ ಅಮ್ಮಾರ" ಎಂದೆ.

"ಹೇಳ್ಬೇಕು. ನನ್ನ ಬಾಯಿಂದಲೇ ಹೇಳ್ಬೇಕು. ಪ್ರತಿ ಸಲ ಅವಳು ಬರುವಾಗ ಇವತ್ತು ಹೇಳುದು ಅಂತ ಕೂತ್ಕೊಳ್ತೇನೆ. ಅವಳು ಬಂದವಳೇ ಬಂಗುಡೆ ಸಾರು ಮಾಡಿ, ನನ್ನ ಕಾಲಿಗೆ ಎಣ್ಣೆ ಹಚ್ಲಿಕ್ಕೆ ಕೂರ್ತಾಳೆ. ಕಾಲು ಅವಳ ಕೈಯಲ್ಲಿರುವಾಗ ಹೇಗೆ ಹೇಳುದು? ಸ್ವಲ್ಪ ಧೈರ್ಯ ಬರ್ಲಿ. ನೀನು ಯಾರಿಗೂ ಹೇಳ್ಬೇಡ."

"ಇಲ್ರೀ ಅಮ್ಮಾರ. ನನ್ನ ಹೊಟ್ಯಾಗ ಇರ್ತೈತಿ."

ಹೊಟ್ಟೆಯಲ್ಲಿ ಇರಲಿಲ್ಲ. ಮೂರು ವಾರ ಮಾತ್ರ ಇತ್ತು.

ಆ ತಿಂಗಳ ವಹಿ ಓದಿದ ಅಯ್ಯನವರು ಸಹಿ ಹಾಕುತ್ತ, "ಸಿಸ್ಟರ್, ಭೇಟಿ ಬೇಕಾದಷ್ಟು ಆಗ್ತಾ ಇದೆ. ಫಲ ಎಲ್ಲಿ? ಪಶ್ಚಾತ್ತಾಪಪಟ್ಟ ಒಂದು ಆತ್ಮವನ್ನು ತೋರಿಸಿ" ಎಂದರು. ಒಳ್ಳೆಯವರೇ, ಅವರ ಮೇಲೂ ವರದಿ ಕೇಳುವವರಿದ್ದರು. ಆದರೆ ನನಗೆ ಆ ಮಾತು ಚುಚ್ಚಿತು. ಮುಲಾಮು ಹಚ್ಚಿದ್ದು, ಅಳು ಕೇಳಿದ್ದು ಯಾವ ಕಾಲಮ್ಮಿಗೂ ಸೇರುವುದಿಲ್ಲ. ನನ್ನ ಹತ್ತಿರ ಒಂದು ದೊಡ್ಡ ಫಲವಿದೆ ಎಂದು ಯಾರಿಗಾದರೂ ಹೇಳಬೇಕೆನಿಸಿತು. ಹೇಳಿಕೊಳ್ಳಲು ಮನೆಯಲ್ಲಿ ಒಬ್ಬರಿದ್ದಿದ್ದರೆ ಅಲ್ಲೇ ಮುಗಿಯುತ್ತಿತ್ತೋ ಏನೋ. ಇದು ನೆಪವಲ್ಲ, ನಡೆದದ್ದು ಹಾಗೆ.

ಮುಂದಿನ ಬುಧವಾರ ನವಿ ಮುಂಬಯಿಯ ಸೀವುಡ್ಸ್‌ನಲ್ಲಿ ಒಬ್ಬರ ಮನೆಯಲ್ಲಿ ಹೆಂಗಸರ ಪ್ರಾರ್ಥನಾಕೂಟ. ಏಳನೆಯ ಮಹಡಿ, ನನ್ನನ್ನು ಬಿಟ್ಟು ಒಂಬತ್ತು ಮಂದಿ. ಪ್ರಾರ್ಥನಾ ವಿಷಯ ಎಂದರೆ ಏನೆಂದು ಹೊರಗಿನವರಿಗೆ ಹೇಳಬೇಕು. ಪ್ರತಿಯೊಬ್ಬರೂ ತಮ್ಮದೋ ಬೇರೆಯವರದೋ ಒಂದು ಕಷ್ಟ ಹೇಳುತ್ತಾರೆ, ಎಲ್ಲರೂ ಅದಕ್ಕಾಗಿ ಬೇಡುತ್ತಾರೆ. ಮಗನ ವೀಸಾ, ಬಿಲ್ಡರ್ ಕೊಡದ ಫ್ಲ್ಯಾಟು, ಗರ್ಭಕೋಶದ ಆಪರೇಷನ್. ಒಳ್ಳೆಯ ಪದ್ಧತಿಯೇ. ಆದರೆ ಕಣ್ಣು ತೆರೆದು ಹೇಳಿದರೆ ಚಾಡಿಯಾಗುವುದು ಕಣ್ಣು ಮುಚ್ಚಿ ಹೇಳಿದರೆ ಪ್ರಾರ್ಥನೆಯಾಗುತ್ತದೆ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ನನ್ನ ಸರದಿ ಬಂದಾಗ ಕಣ್ಣು ಮುಚ್ಚಿದೆ. ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ. ಕರ್ತನೇ, ನಮ್ಮಲ್ಲಿ ಒಬ್ಬ ತಾಯಿ ತನ್ನ ಮಕ್ಕಳ ಸಲುವಾಗಿ ಒಡಹುಟ್ಟಿದವಳಿಗೆ ಫಿಟ್ಸ್ ಇದೆಯೆಂದು ಸುಳ್ಳು ಹೇಳಿಸಿ ಅವಳ ಮದುವೆ ಮುರಿದಳು, ಮೂವತ್ತು ವರ್ಷದಿಂದ ನಿನ್ನ ಮೇಜಿನಿಂದ ದೂರ ಇದ್ದಾಳೆ, ಅವಳಿಗೆ ಒಪ್ಪಿಕೊಳ್ಳುವ ಧೈರ್ಯ ಕೊಡು ಎಂದು ಬೇಡಿದೆ. ಚೆನ್ನಾಗಿಯೇ ಬೇಡಿದೆ. ನನ್ನ ದನಿ ನಡುಗಿತು, ಒಬ್ಬರು ಬಿಕ್ಕಿದರು. ಆ ಬಿಕ್ಕಿದ್ದು ಕೇಳಿ ನನಗೆ ಒಳಗೊಳಗೆ ಸಂತೋಷವಾಯಿತು ಎಂಬುದನ್ನೂ ಬರೆಯಬೇಕು.

ಆಮೆನ್ ಎಂದು ಕಣ್ಣು ತೆರೆದಾಗ ಬಾಗಿಲ ಹತ್ತಿರ ಹತ್ತನೆಯವರು ಕೂತಿದ್ದರು. ಘಣಸೋಲಿಯ ಟೀಚರ್. ಬಾಲವಾಡಿಗೆ ನೀರು ಬಾರದೆ ಬೇಗ ಬಿಟ್ಟಿದ್ದರಂತೆ, ಇವತ್ತಾದರೂ ಕೂಟಕ್ಕೆ ಹೋಗೋಣ ಎಂದು ಬಂದಿದ್ದರಂತೆ. ಎಲ್ಲರೂ ಕಣ್ಣು ಮುಚ್ಚಿರುವಾಗ ಸದ್ದಿಲ್ಲದೆ ಒಳಗೆ ಬಂದು ಕೂತಿದ್ದರು. ಮಡಚಿದ ಕೊಡೆ ಮಡಿಲಲ್ಲಿತ್ತು. ಯಾವಾಗ ಬಂದರು, ಎಷ್ಟು ಕೇಳಿದರು, ಗೊತ್ತಾಗಲಿಲ್ಲ. ಚಹಾ ಕೊಟ್ಟರೆ ಕುಡಿದರು. "ಬರ್ತೇನೆ" ಎಂದು ಎಲ್ಲರಿಗೂ ಹೇಳಿ, ನನ್ನ ಕಡೆ ನೋಡದೆ ಹೋದರು.

ಕೇಳಿರಲಿಕ್ಕಿಲ್ಲ ಎಂದು ನಾನು ಹತ್ತು ದಿನ ನನ್ನನ್ನೇ ನಂಬಿಸಿಕೊಂಡೆ. ಹನ್ನೊಂದನೆಯ ದಿನ ಬದಲಾಪುರಕ್ಕೆ ಹೋದಾಗ ಅಮ್ಮ, "ತಂಗಿ ಎರಡು ವಾರದಿಂದ ಬರ್ಲಿಲ್ಲ. ಫೋನ್ ಮಾಡಿದ್ರೆ ಎತ್ತುದಿಲ್ಲ. ಜ್ವರ ಏನಾದ್ರೂ ಉಂಟಾ, ನೀನು ಹೋದ್ರೆ ನೋಡು" ಎಂದರು. ಅಂದಿನ ಓದಿನ ಭಾಗ ಯಾವುದು ಎಂದು ಈಗ ನೆನಪಿಲ್ಲ.

ಮರುದಿನವೇ ಘಣಸೋಲಿಗೆ ಹೋದೆ. ಟೀಚರ್ ಬಾಗಿಲು ತೆರೆದರು, ಕೂರಿ ಎಂದರು, ನೀರು ಕೊಟ್ಟರು. ನಾನು ಮೊಣಕಾಲು ನೋವು ಕೇಳಲಿಲ್ಲ. ಅವರೇ ಮಾತು ತೆಗೆದರು.

"ಸಿಸ್ಟರ್, ನಂಗೆ ಇಪ್ಪತ್ತಾರು ವರ್ಷ ಆಗಿರುವಾಗ ಊರಲ್ಲಿ ಒಂದು ಮದುವೆಗೆ ಹೋಗಿದ್ದೆ. ಬೆಳಗ್ಗಿಂದ ಏನೂ ತಿಂದಿರ್ಲಿಲ್ಲ, ಸ್ವಲ್ಪ ತಲೆ ಸುತ್ತಿ ಕೂತೆ. ಅಷ್ಟಕ್ಕೇ ನಾಲ್ಕು ಹೆಂಗಸರು ಓಡಿ ಬಂದು ನನ್ನ ಕೈಗೆ ಕಬ್ಬಿಣದ ಬೀಗದಕೈ ಗೊಂಚಲು ತುರುಕಿದ್ರು. ಫಿಟ್ಸ್ ಬಂದವರಿಗೆ ಹಾಗೆ ಮಾಡ್ತಾರಲ್ಲ, ಹಾಗೆ. ನಂಗೆ ಯಾಕೆ ಅಂತ ಅರ್ಥ ಆಗ್ಲಿಲ್ಲ. ಇಷ್ಟು ವರ್ಷ ಆಗಾಗ ನೆನಪಾಗ್ತಿತ್ತು, ಯಾಕಿರ್ಬಹುದು ಅಂತ. ಮೊನ್ನೆ ನಿಮ್ಮ ಪ್ರಾರ್ಥನೆಯಲ್ಲಿ ಅರ್ಥ ಆಯ್ತು."

ತಪ್ಪಾಯಿತೆಂದೆ. ಅದಕ್ಕೆ ಅವರು ಕೈ ಅಡ್ಡ ಮಾಡಿದರು.

"ಅಕ್ಕ ಹೇಳಿದ್ದಿದ್ರೆ ನಾನು ಅವಳಿಗೆ ಬಾಯಿಗೆ ಬಂದ ಹಾಗೆ ಬೈತಿದ್ದೆ. ಅಳ್ತಿದ್ದೆ. ಆಮೇಲೆ ಏನೋ ಒಂದು ಆಗ್ತಿತ್ತು. ನನ್ನ ಬದುಕು ಹೋದದ್ದನ್ನು ನಾನು ಒಂಬತ್ತು ಜನರ ಹಿಂದೆ ಕೂತು ಕೇಳ್ಬೇಕಾಯ್ತು. ಅವರು ಆಮೆನ್ ಅಂದ್ರು. ನಾನೂ ಅಂದೆ, ಅಭ್ಯಾಸ ನೋಡಿ."

ಅಕ್ಕನಿಗೆ ಏನಾದರೂ ಹೇಳಬೇಕೆ ಎಂದು ಕೇಳಿದೆ. ಅದು ನನ್ನ ಎರಡನೆಯ ದಡ್ಡತನ. "ಇನ್ನೂ ಮಾತು ಹೊರ್ತೀರಾ?" ಎಂದರು. ನಾನು ಎದ್ದು ಬಂದೆ.

ಅಯ್ಯನವರಿಗೆ ಹೆಸರು ಬಿಟ್ಟು ಉಳಿದದ್ದನ್ನು ಹೇಳಿದೆ: ನಂಬಿ ಹೇಳಿದ ಮಾತನ್ನು ಬಯಲು ಮಾಡಿದ್ದೇನೆ, ಏನು ಮಾಡಲಿ. ಅವರು ಯೋಚಿಸಿ ದಾರಿ ತೋರಿಸಿದರು. ಭೋಜನದ ಹಿಂದಿನ ಶನಿವಾರ ಸಂಜೆ ನಮ್ಮಲ್ಲಿ ಸಿದ್ಧತೆಯ ಆರಾಧನೆ ಇರುತ್ತದೆ. ಮನುಷ್ಯರೊಂದಿಗೆ ಇರುವುದನ್ನು ಮೊದಲು ಸರಿಮಾಡಿಕೊಂಡು ಆಮೇಲೆ ಮೇಜಿಗೆ ಬರಬೇಕೆಂಬುದು ಅದರ ಅರ್ಥ. ಬೇಕಾದವರು ಅಲ್ಲಿ ನಿಂತು ತಪ್ಪನ್ನು ಒಪ್ಪಿಕೊಳ್ಳಬಹುದು. "ನೀವೇ ನಿಂತು ಹೇಳಿ ಸಿಸ್ಟರ್. ಸೇವಕಿಯೇ ಪಶ್ಚಾತ್ತಾಪಪಟ್ಟರೆ ಸಭೆಗೆ ದೊಡ್ಡ ಸಾಕ್ಷಿ" ಎಂದರು.

ಕೋಣೆಗೆ ಬಂದು ಒಂದು ಹಾಳೆಯಲ್ಲಿ ಬರೆದೆ. ಜೋರಾಗಿ ಓದಿ ನೋಡಿದೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂದು ಗುರುತು ಮಾಡುವಾಗ, ನಾನು ಏನು ಮಾಡುತ್ತಿದ್ದೇನೆಂದು ನನಗೇ ಕಂಡಿತು. ನಲವತ್ತು ಜನರ ಮುಂದೆ ನಿಂತು ಒಬ್ಬರ ಗುಟ್ಟು ಬಯಲು ಮಾಡಿದೆ ಎಂದರೆ, ಯಾರ ಗುಟ್ಟು ಎಂದು ಸಂಜೆಯೊಳಗೆ ನಲವತ್ತು ಜನ ಹುಡುಕುತ್ತಾರೆ. ಸೀವುಡ್ಸ್‌ನ ಒಂಬತ್ತು ಜನ ಹುಡುಕಲು ನೆರವಾಗುತ್ತಾರೆ. ನನಗೆ ಕ್ಷಮೆ ಸಿಗುತ್ತದೆ, ಹೆಸರೂ ಬರುತ್ತದೆ. ಆ ಅಕ್ಕತಂಗಿ ಇನ್ನೊಮ್ಮೆ ಸುದ್ದಿಯಾಗುತ್ತಾರೆ. ಬಾಯಿಂದ ಮಾಡಿದ ಪಾಪವನ್ನು ಬಾಯಿಂದಲೇ ತೊಳೆಯಲು ಹೊರಟಿದ್ದೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ನನ್ನನ್ನು ನಾನೇ ಬೈದುಕೊಂಡು ಹಾಳೆ ಹರಿದೆ. ನನ್ನ ತಪ್ಪು ನಡೆದ ಬಾಗಿಲುಗಳು ಯಾವುವೋ ಆ ಬಾಗಿಲುಗಳಿಗೆ ಒಂದೊಂದಾಗಿ ಹೋಗಬೇಕು, ಬೇರೆಲ್ಲೂ ಅಲ್ಲ ಎಂದು ಅಂದು ತೀರ್ಮಾನಿಸಿದೆ. ಮೊದಲನೆಯದು ಬದಲಾಪುರ. ಅಮ್ಮನಿಗೆ ಇನ್ನೂ ಏನೂ ಗೊತ್ತಿರಲಿಲ್ಲ.

ಅಂದು ಹೋಟೆಲಿನಲ್ಲಿ ಮಾಲಿಕರು, "ಇವತ್ತು ಯಾರ ಪಾಪ ಅಮ್ಮ?" ಎಂದರು.

"ನಂದೇ ರೀ" ಎಂದೆ.

ಅವರು ನಗಲು ಹೋಗಿ ನಿಲ್ಲಿಸಿದರು. ಚಿಲ್ಲರೆ ಕೊಡುವಾಗ, "ಊಟ ಸರಿ ಮಾಡ್ಲಿಲ್ಲ ನೀವು. ಒಂದು ಮಜ್ಜಿಗೆ ಕುಡಿದು ಹೋಗಿ" ಎಂದಷ್ಟೇ ಹೇಳಿದರು.

ಅಮ್ಮ ಅಂದು ಅಕ್ಕಿ ಆರಿಸುತ್ತ ಕೂತಿದ್ದರು. ನಾನು ಚೀಲ ಬಿಚ್ಚಲಿಲ್ಲ, ಪುಸ್ತಕ ತೆಗೆಯಲಿಲ್ಲ. ನೆಲದ ಮೇಲೆ ಕೂತು, ಸೀವುಡ್ಸ್‌ನಲ್ಲಿ ಏನು ಹೇಳಿದೆ, ಯಾರು ಕೇಳಿದರು ಎಂದು ನಾಲ್ಕು ಮಾತಿನಲ್ಲಿ ಮುಗಿಸಿದೆ. ಘಣಸೋಲಿಯಲ್ಲಿ ಟೀಚರ್ ಆಡಿದ ಒಂದು ಮಾತನ್ನೂ ತಂದುಹಾಕಲಿಲ್ಲ. ಅಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದರು. ಅವರು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಮೂವತ್ತು ವರ್ಷ ಅದು ನನ್ನ ಹೊಟ್ಟೆಯಲ್ಲಿತ್ತು. ಕೊಳೆತದ್ದೇ ಇರಲಿ, ನನ್ನದಾಗಿತ್ತು. ಸಾಯುವ ಮೊದ್ಲು ಅವಳಿಗೆ ಹೇಳುದು ಅಂತ ಒಂದು ಕೆಲಸ ನಂಗೆ ಇತ್ತು. ಅದನ್ನು ನೀನು ಮಾಡಿ ಮುಗಿಸಿದಿ. ಇನ್ನು ನಾನು ಎಂತ ಹೇಳ್ಲಿಕ್ಕೆ ಉಂಟು ಅವಳಿಗೆ?"

ನಾನು ಅತ್ತೆ. ಅವರು ಅಳಲಿಲ್ಲ. ಒಳಗಿನಿಂದ ಸೊಸೆ, ಇಲ್ಲೇ ಹುಟ್ಟಿ ಬೆಳೆದವಳು, "ಸಿಸ್ಟರ್, ಚಾಯ್ ತೋ ಪೀಕೇ ಜಾವೋ" ಎಂದು ಚಹಾ ಕುಡಿಯಲು ಕರೆದಳು. ಅಮ್ಮನೇ ಉತ್ತರ ಕೊಟ್ಟರು: "ಬೇಡ, ಅವಳಿಗೆ ಟ್ರೈನ್ ಉಂಟು." ಮತ್ತೆ ನನಗೆ, "ನೀನು ಇನ್ನು ಬರ್ಬೇಡ" ಎಂದರು.

ಮುಂದಿನ ಮೂರು ವಾರ ಆ ಒಂಬತ್ತು ಮನೆಗಳಿಗೆ ಹೋದೆ. ಒಂದೊಂದು ಮನೆಯಲ್ಲೂ ಹೇಳಿದ್ದು ಮೂರೇ ವಾಕ್ಯ: ಅಂದು ನಾನು ಆಡಿದ್ದು ಪ್ರಾರ್ಥನೆಯಲ್ಲ, ನಂಬಿಕೆದ್ರೋಹ. ಅದನ್ನು ನಿಮ್ಮ ಕಿವಿಗೆ ಹಾಕಿದ್ದು ನನ್ನ ತಪ್ಪು. ದಯವಿಟ್ಟು ಅದು ನಿಮ್ಮಿಂದ ಮುಂದೆ ಹೋಗದಿರಲಿ. ಒಬ್ಬರು, "ಅಯ್ಯೋ ನಾನು ಮರ್ತೇಬಿಟ್ಟಿದ್ದೆ, ಯಾವುದು ಅದು?" ಎಂದು ಮತ್ತೆ ಹೇಳಿಸಲು ನೋಡಿದರು. ಇನ್ನೊಬ್ಬರು ದನಿ ತಗ್ಗಿಸಿ, "ಯಾರು ಅಂತ ನಂಗೊಬ್ಬಳಿಗೆ ಹೇಳಿ, ಹೆಸರು ಹಿಡಿದು ಪ್ರಾರ್ಥನೆ ಮಾಡ್ಲಿಕ್ಕೆ ಸುಲಭ" ಎಂದರು. ಮೂರು ಜನ ಬಾಗಿಲಲ್ಲೇ ಸರಿ ಸರಿ ಎಂದು ಕಳಿಸಿದರು. ಒಬ್ಬಾಕೆ ಮಾತ್ರ ನನ್ನ ಕೈ ಹಿಡಿದು ತನ್ನ ಒಂದು ಸಂಗತಿ ಹೇಳಿ ಅತ್ತರು. ಅದನ್ನು ವಹಿಯಲ್ಲಿ ಬರೆಯಲಿಲ್ಲ, ಇಲ್ಲೂ ಬರೆಯುವುದಿಲ್ಲ. ಆ ತಿಂಗಳು ವಹಿಯ ನಾಲ್ಕನೆಯ ಕಾಲಂ ಖಾಲಿ ಇತ್ತು. ಅಯ್ಯನವರು ನೋಡಿದರು. ಸಹಿ ಹಾಕಿದರು.

ಅಮ್ಮ ಸಭೆಗೆ ಬರುವುದು ನಿಂತಿತು. ಟೀಚರೂ ಬರಲಿಲ್ಲ. ಚಹಾ ಯಾರು ಮಾಡುವುದೆಂದು ಎರಡು ಭಾನುವಾರ ಗೊಂದಲವಾಗಿ, ಕೊನೆಗೆ ಬಿಸ್ಕತ್ತು ಮಾತ್ರ ಹಂಚಿದರು. ನಾನು ಭೋಜನಕ್ಕೆ ಹೋಗದೆ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದೆ. ಒಬ್ಬಂಟಿತನ ನನಗೆ ಹೊಸದಲ್ಲ. ಆದರೆ ಸಭೆಯೆಲ್ಲ ಎದ್ದು ಮುಂದೆ ಹೋದ ಮೇಲೆ ಖಾಲಿ ಬೆಂಚುಗಳ ನಡುವೆ ಉಳಿಯುವುದಿದೆಯಲ್ಲ, ಅದು ಕಲ್ಯಾಣದ ಕೋಣೆಗಿಂತ ದೊಡ್ಡ ಒಬ್ಬಂಟಿತನ. ಅಮ್ಮ ಯಾಕೆ ಚಹಾ ಹಿಡಿದುಕೊಂಡಿದ್ದರು ಎಂಬುದು ಆಗ ತಿಳಿಯಿತು. ಕೈಗೆ ಒಂದು ಕೆಲಸ ಬೇಕಾಗುತ್ತದೆ.

ಎರಡು ತಿಂಗಳಾದ ಮೇಲೆ ಒಂದು ಬೆಳಗ್ಗೆ ಫೋನ್ ಬಂತು. ಅಮ್ಮ.

"ನಾಳೆ ಹನ್ನೊಂದಕ್ಕೆ ಬಾ. ತಂಗಿಯ ಮನೆಗೆ ಹೋಗ್ಬೇಕು. ಮಗನಿಗೆ ರಜೆ ಇಲ್ಲ, ಥಾಣೆ ಸ್ಟೇಷನ್ನಿನ ಆ ಸೇತುವೆ ನಂಗೊಬ್ಬಳಿಗೆ ಹತ್ಲಿಕ್ಕೆ ಆಗುದಿಲ್ಲ. ನೀನು ಕೈ ಹಿಡಿದ್ರೆ ಸಾಕು. ಬಾಯಿ ತೆರೀಬೇಡ."

ತೆರೆಯಲಿಲ್ಲ. ಬದಲಾಪುರದಿಂದ ಥಾಣೆಯವರೆಗೆ ಲೇಡೀಸ್ ಡಬ್ಬಿಯಲ್ಲಿ ಅವರು ಕಿಟಕಿಗೆ, ನಾನು ಪಕ್ಕಕ್ಕೆ. ಥಾಣೆಯಲ್ಲಿ ಸೇತುವೆ ಹತ್ತುವಾಗ ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು ಉಸಿರು ತೆಗೆದುಕೊಂಡರು. ಜನ ನಮ್ಮನ್ನು ಎರಡೂ ಕಡೆಯಿಂದ ತಳ್ಳಿಕೊಂಡು ಹೋದರು. ಘಣಸೋಲಿಯ ಮೇಲೆ ವಾಶಿ ಕಡೆಗೆ ಹೋಗುವ ಲೋಕಲ್ ಶುರುವಾಗಿ ಮೂರ್ನಾಲ್ಕು ವರ್ಷವಾಗಿತ್ತು, ಮಧ್ಯಾಹ್ನ ಡಬ್ಬಿ ಖಾಲಿ ಇರುತ್ತಿತ್ತು. ಅಷ್ಟು ದೂರ ಅವರ ಕೈ ನನ್ನ ಕೈಯಲ್ಲೇ ಇತ್ತು. ಕೂತ ಮೇಲೂ ಬಿಡಲಿಲ್ಲ. ಅದು ಪ್ರೀತಿಯಲ್ಲ, ಭಯ ಎಂದು ನನಗೆ ಗೊತ್ತಿತ್ತು. ಅವರ ತುಟಿ ಅಲ್ಲಾಡುತ್ತಿತ್ತು. ಹೇಳಬೇಕಾದ ಮಾತನ್ನು ಹೊಂದಿಸಿಕೊಳ್ಳುತ್ತಿದ್ದರು.

ಟೀಚರ್ ಬಾಗಿಲು ತೆರೆದು ಅಕ್ಕನನ್ನು ನೋಡಿದರು. ಅಕ್ಕ ಉಸ್ಸೆಂದು ಒಂದು ಉಸಿರು ಬಿಟ್ಟು ಗೋಡೆ ಹಿಡಿದುಕೊಂಡರು. ಟೀಚರ್ ಬಾಗಿಲು ಅಗಲ ಮಾಡಿ, "ಉಳಾಯಿ ಬಲ" ಎಂದರು. ಒಳಗೆ ಬಾ ಎಂದು ಒಬ್ಬರಿಗೆ ಹೇಳುವ ಮಾತು. ನಾನು ಚಪ್ಪಲಿಗಳ ಹತ್ತಿರ ಮೆಟ್ಟಿಲ ಮೇಲೆ ಕೂತೆ. ಬಾಗಿಲು ಮುಚ್ಚಿತು.

ಎರಡು ಗಂಟೆ ಕೂತಿದ್ದೆ. ಎದುರು ಮನೆಯಲ್ಲಿ ಒಣಮೀನು ಹರವುತ್ತಿದ್ದ ಹೆಂಗಸು, "ಆತ್ ಜಾ ನಾ, ಬಾಹೇರ್ ಕಾ ಬಸ್ಲೀಸ್?" ಎಂದಳು, ಒಳಗೆ ಹೋಗಬಾರದೆ, ಹೊರಗೇಕೆ ಕೂತೆ ಎಂದು. ಇಲ್ಲೇ ಸರಿಯಿದೆ ಎಂದು ಕೈಸನ್ನೆ ಮಾಡಿದೆ. ಒಳಗಿನ ಮಾತು ಕಿವಿಗೆ ಬೀಳುತ್ತಿತ್ತು, ಆದರೆ ಎಲ್ಲ ತುಳು. ಗದಗಿನವಳಾದ ನನಗೆ ತುಳುವಿನಲ್ಲಿ ಬಾ, ಹೋಗು, ಊಟ ಬಿಟ್ಟರೆ ಏನೂ ಗೊತ್ತಿಲ್ಲ. ಟೀಚರ್ ದನಿ ಏರಿತು, ಬಹಳ ಹೊತ್ತು ಏರಿಯೇ ಇತ್ತು. ಒಂದು ಪಾತ್ರೆ ನೆಲಕ್ಕೆ ಬಿತ್ತು. ಆಮೇಲೆ ಅಮ್ಮನ ಅಳು, ಆಮೇಲೆ ಇಬ್ಬರ ಅಳು, ಆಮೇಲೆ ಏನೂ ಇಲ್ಲ. ತಿಳಿಯದ ಭಾಷೆಗಾಗಿ ಜೀವನದಲ್ಲಿ ಅದೊಂದೇ ಸಲ ದೇವರಿಗೆ ವಂದನೆ ಹೇಳಿದೆ. ಇದನ್ನು ಎಲ್ಲೂ ಹೊತ್ತೊಯ್ಯಲು ನನ್ನಿಂದ ಸಾಧ್ಯವಿರಲಿಲ್ಲ.

ಬಾಗಿಲು ತೆರೆದಾಗ ಟೀಚರ್ ಕೈಯಲ್ಲಿ ನೀರಿನ ಲೋಟವಿತ್ತು. ಅದನ್ನು ನನಗೆ ಕೊಟ್ಟು, "ಅಕ್ಕನದ್ದು ಬೇರೆ ಸಿಸ್ಟರ್, ನಿಮ್ಮದು ಬೇರೆ. ಅವಳ ಹತ್ರ ಬೈಲಿಕ್ಕೆ ನಂಗೆ ಬಾಯಿ ಉಂಟು. ನಿಮ್ಮನ್ನು ನೋಡಿದ್ರೆ ಆ ಏಳನೇ ಮಾಳಿಗೆ ನೆನಪಾಗ್ತದೆ. ನಂಗೆ ಇನ್ನೂ ಆಗುದಿಲ್ಲ. ಆದಾಗ ಹೇಳ್ತೇನೆ" ಎಂದರು. ಆಗಲಿ ಎಂದೆ.

ವಾಪಸು ಬರುವಾಗ ಟ್ರೈನಿನಲ್ಲಿ ಅಮ್ಮನ ಸೀರೆಯಿಂದ ಕೊಬ್ಬರಿ ಎಣ್ಣೆಯ ವಾಸನೆ ಬರುತ್ತಿತ್ತು. ಕಲ್ಯಾಣ ದಾಟಿದ ಮೇಲೆ, ನಾನು ಕೇಳದೆಯೇ, ಕಿಟಕಿಯ ಕಡೆ ನೋಡುತ್ತ ಹೇಳಿದರು: "ಬೈದಳು. ತುಂಬ ಬೈದಳು. ಫಿಟ್ಸ್ ಅಂತ ಹೇಳ್ಲಿಕ್ಕೆ ನಿಂಗೆ ಬಾಯಿ ಹೇಗೆ ಬಂತು ಅಂತ ಕೇಳಿದಳು. ನಾನು ಎಲ್ಲ ಹೇಳಿದೆ. ಅವಳಿಗೆ ಗೊತ್ತಿದ್ದದ್ದೇ, ಆದ್ರೂ ನನ್ನ ಬಾಯಿಂದ ಹೇಳಿದೆ. ಆಮೇಲೆ ಎಣ್ಣೆ ಬಾಟ್ಲಿ ತಂದು, ಕಾಲು ನೀಡು ಅಂದಳು."

ಮುಂದಿನ ತಿಂಗಳ ಮೊದಲ ಭಾನುವಾರ ಅಕ್ಕತಂಗಿ ಇಬ್ಬರೂ ಬಂದರು. ಅಮ್ಮ ಎಂದಿನಂತೆ ಎದ್ದು ವಾಚ್‌ಮನ್ ಕೋಣೆಗೆ ಹೋದರು. ಮತ್ತೆ ತಪ್ಪಿಸಿಕೊಳ್ಳುತ್ತಾರೇನೋ ಎಂದು ಹಿಂದೆಯೇ ಹೋದೆ. ಅವರು ಹಾಲು ಅಳೆದು ಪಾತ್ರೆಗೆ ಹಾಕಿ, ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳುತ್ತಿದ್ದರು. ಸೌಟನ್ನು ನನ್ನ ಕೈಗೆ ಕೊಟ್ಟರು.

"ಮೂವತ್ತೆಂಟು ಲೋಟ. ಉಕ್ಕದ ಹಾಗೆ ನೋಡ್ಕೋ. ನೀನು ಗದಗಿನವಳು, ಪುಡಿ ಜಾಸ್ತಿ ಹಾಕ್ಬೇಡ" ಎಂದು ಒಳಗೆ ಹೋದರು. ಅರ್ಧ ತೆರೆದ ಬಾಗಿಲಿನಿಂದ ನೋಡಿದೆ. ಟೀಚರ್ ಅಕ್ಕನ ಮೊಣಕೈ ಹಿಡಿದು ಮೇಜಿನ ಮುಂದೆ ನಿಲ್ಲಿಸಿದರು. ಅಮ್ಮ ಎರಡೂ ಕೈ ಚಾಚಿದರು. ಆರಾಧನೆ ಮುಗಿದ ಮೇಲೆ ಅಯ್ಯನವರು ಬಂದು, "ಇದೇ ನೋಡಿ ಸಿಸ್ಟರ್ ನಿಮ್ಮ ಸೇವೆಯ ಫಲ" ಎಂದರು. "ಅಲ್ರೀ ಅಯ್ಯನವರ" ಎಂದು ಅವರಿಗೆ ಚಹಾ ಕೊಟ್ಟೆ.

ಐದು ತಿಂಗಳು ಮೊದಲ ಭಾನುವಾರದ ಚಹಾ ನನ್ನದಾಯಿತು. ಎಂಥ ಸೇವಾಭಾವ ಎಂದು ಹೊಗಳಿದರು. ರಕ್ಷಣೆ ಪುಕ್ಕಟೆ, ಕೈಚಾಚಿದರೆ ಸಾಕು ಎಂದು ಮನೆಮನೆಯಲ್ಲಿ ಓದಿ ಹೇಳುವುದು ನಿಲ್ಲಿಸಲಿಲ್ಲ, ಅದು ನಿಜವೇ. ಆದರೆ ಹೇಳುವಾಗ ದನಿ ಮೊದಲಿನಷ್ಟು ಏರುತ್ತಿರಲಿಲ್ಲ. ಟೀಚರ್ ನನಗೆ ನಮಸ್ಕಾರ ಹೇಳುತ್ತಿದ್ದರು, ಚಹಾ ತೆಗೆದುಕೊಳ್ಳುತ್ತಿದ್ದರು, ಬೇರೆ ಏನೂ ಹೇಳುತ್ತಿರಲಿಲ್ಲ. ನಾನೂ ಕೇಳಲಿಲ್ಲ.

ಆರನೆಯ ತಿಂಗಳು ಹಾಲು ಬಿಸಿಯಾಗುತ್ತಿದ್ದಾಗ ಬಾಗಿಲಲ್ಲಿ ನೆರಳಾಯಿತು. ಒಳಗೆ ಹಾಡು ನಡೆಯುತ್ತಿತ್ತು, ಜನ ಮೇಜಿನ ಕಡೆ ಸಾಲಾಗುತ್ತಿದ್ದರು. ಟೀಚರ್ ಸಾಲು ಬಿಟ್ಟು ಬಂದಿದ್ದರು. ನನ್ನನ್ನು ದಾಟಿ ಹೋಗಿ ಗ್ಯಾಸ್ ಆರಿಸಿದರು. ನನ್ನ ಕೈಯಿಂದ ಸೌಟು ತೆಗೆದು ಪಾತ್ರೆಯ ಮೇಲೆ ಅಡ್ಡಲಾಗಿ ಇಟ್ಟರು.

"ಚಹಾ ಆಮೇಲೆ ಆಗ್ತದೆ" ಎಂದರು. "ಬನ್ನಿ."

ಆ ಭಾನುವಾರ ಚಹಾ ಅರ್ಧ ಗಂಟೆ ತಡವಾಯಿತು. ಎಲ್ಲವನ್ನೂ ಪ್ರಾರ್ಥನಾ ವಿಷಯ ಮಾಡುವ ನಮ್ಮ ಜನ, ಯಾಕೆ ತಡ ಎಂದು ಒಬ್ಬರೂ ಕೇಳಲಿಲ್ಲ.